ತುಕ್ಕು ಹಿಡಿಯದ ಕಬ್ಬಿಣ, ಸವೆಯದ ತಾಮ್ರ

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ನಮ್ಮ ಹಿರಿಯರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು. ನಿಮ್ಮ ಮನೆಯ ಮಕ್ಕಳು ಗಂಟೆಗಟ್ಟಲೆ ಆಡುವ ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಗೇಮ್ ಇವುಗಳಲ್ಲಿ ಒಂದನ್ನು ಮಾತ್ರ ಬಲ್ಲದು. 2021ರ ಜೂನ್ ತಿಂಗಳ ಆವೃತ್ತಿಯಲ್ಲಿ ಆ ಆಟಕ್ಕೆ ತಾಮ್ರ ಬಂದು ಸೇರಿತು. ಅದರಿಂದ ಕಟ್ಟಿದ ಸೂರು ಹೊಳೆಯುವ ಕಿತ್ತಳೆ ಬಣ್ಣವನ್ನು ಕಳೆದುಕೊಂಡು ಹಂತಹಂತವಾಗಿ ಹಸಿರಾಗುತ್ತದೆ.

ಪ್ರಿಯ ಓದುಗರೇ, ವಿಡಿಯೊ ಗೇಮ್ ಎಂದರೆ ಗುಂಡು ಹಾರಿಸುವುದಷ್ಟೇ ಎಂದು ಭಾವಿಸಿರುವವರು ಇದನ್ನೊಮ್ಮೆ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಬೇಕು. ವಸ್ತುಗಳಿಗೂ ಮುಪ್ಪಿದೆ ಎಂಬುದನ್ನು ಇಲ್ಲಿ ಮಗು ಕಾದು ಕಾಣುತ್ತದೆ. ಜೇನುಗೂಡಿನ ಮೇಣ ಬಳಿದರೆ ಬಣ್ಣ ಬದಲಾಗುವುದು ನಿಲ್ಲುತ್ತದೆ. ಇದು ಸುಳ್ಳಲ್ಲ. ಮೇಣವು ಗಾಳಿಯನ್ನೂ ತೇವವನ್ನೂ ದೂರವಿಡುತ್ತದೆ. ಕಂಚಿನ ಪ್ರತಿಮೆಗಳನ್ನು ಸಂರಕ್ಷಿಸುವವರು ಇಂದಿಗೂ ಅದನ್ನೇ ಬಳಿಯುತ್ತಾರೆ.

ಆದರೆ ಆಟದಲ್ಲಿ ಮಳೆಗೂ ಮರುಭೂಮಿಗೂ ಭೇದವಿಲ್ಲ. ಕಾಲ ಕಳೆದರೆ ಸಾಕು, ತಾಮ್ರ ಹಸಿರಾಗುತ್ತದೆ. ನಿಜಜಗತ್ತಿನ ಸಾಕ್ಷಿಗೆ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯನ್ನು ನೋಡಿ. 1886ರಲ್ಲಿ ಅನಾವರಣಗೊಂಡಾಗ ಅದು ತಾಮ್ರದ ಬಣ್ಣದ್ದೇ ಆಗಿತ್ತು. ಆಮ್ಲಜನಕ, ತೇವ, ಗಾಳಿಯಲ್ಲಿನ ಗಂಧಕದ ಅಂಶ ಇವೆಲ್ಲ ಕೂಡಿ ದಶಕಗಳಲ್ಲಿ ಅದನ್ನು ಹಸಿರಾಗಿಸಿದವು. ಕೇವಲ 2.4 ಮಿಲಿಮೀಟರ್ ದಪ್ಪದ ಆ ತಾಮ್ರದ ತಗಡನ್ನು ಇಂದಿಗೂ ಕಾಯುತ್ತಿರುವುದು ಆ ಹಸಿರು ಪದರವೇ. ಒಳಗಿನ ಕಥೆ ಬೇರೆ. ತಗಡಿಗೆ ಆಧಾರವಾಗಿದ್ದ ಕಬ್ಬಿಣದ ಪಟ್ಟಿಗಳು ತಾಮ್ರವನ್ನು ಮುಟ್ಟದಂತೆ ಅರಗಿನಲ್ಲಿ ನೆನೆಸಿದ ಕಲ್ನಾರನ್ನು ನಡುವೆ ಇಟ್ಟಿದ್ದರು. ಅದು ಶಿಥಿಲವಾಯಿತು. ಎರಡು ಲೋಹಗಳು ತೇವದಲ್ಲಿ ಸಂಧಿಸಿದವು, ಕಬ್ಬಿಣ ತುಕ್ಕಾಗಿ ಉಬ್ಬಿತು, ರಿವೆಟ್‌ಗಳು ಕಿತ್ತುಬಂದವು. 1986ರ ಶತಮಾನೋತ್ಸವದ ಹೊತ್ತಿಗೆ ಆ ಪಟ್ಟಿಗಳ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಾಯಿತು. ಒಂದೇ ಪ್ರತಿಮೆಯಲ್ಲಿ ಕಿಲುಬು ಕಾಯಿತು, ತುಕ್ಕು ತಿಂದಿತು. ಮೈನ್‌ಕ್ರಾಫ್ಟಿನಲ್ಲಾದರೋ ಕಬ್ಬಿಣದ ಬಾಗಿಲು ನೀರಿನೊಳಗೆ ಎಷ್ಟು ಕಾಲ ನಿಂತರೂ ಹೊಸದಾಗಿಯೇ ಇರುತ್ತದೆ.

ನನ್ನ ದೊಡ್ಡ ತಕರಾರು ಆಟದ ಕೊಡಲಿಯ ಬಗ್ಗೆ. ಹಸಿರಾದ ತಾಮ್ರವನ್ನು ಕೊಡಲಿಯಿಂದ ಕೆರೆದರೆ ಹಳೆಯ ಹೊಳಪು ಮರಳುತ್ತದೆ. ನೂರು ಸಲ ಕೆರೆದರೂ ತಾಮ್ರ ಕೂದಲೆಳೆಯಷ್ಟೂ ಸವೆಯದು. (ಸಿಡಿಲು ಬಡಿದರೂ ಹೊಳಪು ಬರುತ್ತದೆ, ಅದು ಕಲ್ಪನೆಯ ಸ್ವಾತಂತ್ರ್ಯ, ಇರಲಿ.) ಹುಣಸೆಹುಳಿಯಿಂದ ತಾಮ್ರದ ಕೊಡ ತಿಕ್ಕಿದ ತಾಯಂದಿರಿಗೆ ನಿಜ ಗೊತ್ತು. ಹೊಳಪು ಬರುವುದುಂಟು, ಆದರೆ ಆಮ್ಲಜನಕದೊಡನೆ ಬೆರೆತ ತಾಮ್ರ ತೊಳೆದ ನೀರಿನೊಡನೆ ಹರಿದುಹೋಗುತ್ತದೆ. ಆ ಬೆಸುಗೆಯನ್ನು ಬಿಡಿಸಲು ಕೆರೆಯುವುದು ಸಾಲದು, ಕುಲುಮೆಯೇ ಬೇಕು. ನಮ್ಮ ಸಂಡೂರಿನ ಕೆಂಪು ಅದಿರೂ ಆಮ್ಲಜನಕ ಕೂಡಿದ ಕಬ್ಬಿಣವೇ. ಊದುಕುಲುಮೆಯ ಕೋಕ್ ಕಾವನ್ನು ಕೊಡುವುದಷ್ಟೇ ಅಲ್ಲ, ತನ್ನ ಇಂಗಾಲದಿಂದ ಆ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಆಟದ ಕುಲುಮೆಗೆ ಇದ್ದಿಲು, ಸೌದೆ, ಒಂದು ಬಕೆಟ್ ಲಾವಾ ಎಲ್ಲವೂ ಒಂದೇ, ಬರೀ ಬೆಂಕಿ. ಇಡೀ ನಾಟಕದ ಮುಖ್ಯ ಪಾತ್ರಧಾರಿಯಾದ ಆಮ್ಲಜನಕ ರಂಗಕ್ಕೆ ಬರುವುದೇ ಇಲ್ಲ. ಹೋದದ್ದೆಲ್ಲ ಕೆರೆದರೆ ಮರಳುತ್ತದೆ ಎಂಬ ನಂಬಿಕೆ ಮಾತ್ರ ಮಗುವಿನಲ್ಲಿ ಉಳಿಯುತ್ತದೆ.

ಆಟವನ್ನು ನಿಷೇಧಿಸಿ ಎನ್ನುತ್ತಿಲ್ಲ. ಈ ರಜೆಯಲ್ಲಿ ಮೂರು ಗಾಜಿನ ಲೋಟ, ಮೂರು ಮೊಳೆ ತನ್ನಿ. ಒಂದನ್ನು ಒಣಗಿದ ಲೋಟದಲ್ಲಿಡಿ. ಒಂದನ್ನು ಅರ್ಧ ಮುಳುಗುವಂತೆ ನೀರಿನಲ್ಲಿಡಿ. ಇನ್ನೊಂದನ್ನು ಚೆನ್ನಾಗಿ ಕುದಿಸಿದ ನೀರಿನಲ್ಲಿ ಪೂರ್ತಿ ಮುಳುಗಿಸಿ ಮೇಲೆ ಎಣ್ಣೆ ಸುರಿಯಿರಿ. ವಾರ ಕಳೆದ ಮೇಲೆ, ನೀರಿದ್ದೂ ಮೂರನೆಯದು ಏಕೆ ಕೆಂಪಾಗಲಿಲ್ಲ ಎಂದು ಮಗುವನ್ನೇ ಕೇಳಿ.