ಸಂಗೀತಗಾರನೂ ಹಸ್ತಪತ್ರಿಕೆಯೂ

ಸಂಗೀತವಿದ್ವಾಂಸನಾದವನು ತನ್ನ ವಿದ್ಯೆಯನ್ನು ತಾನೇ ಪ್ರಕಟಪಡಿಸಿಕೊಳ್ಳಲು ಹೊರಟನೆಂದರೆ ನಮ್ಮ ಕಡೆಯ ಹಿರಿಯರು ಥಟ್ಟನೆ ಕಾಳಿದಾಸನನ್ನು ಸಾಕ್ಷಿಗೆ ಕರೆಯುವುದುಂಟು. ಯಾವನ ಶಾಸ್ತ್ರಜ್ಞಾನವು ಹೊಟ್ಟೆಪಾಡಿಗಷ್ಟೇ ಆಗಿರುವುದೋ ಅವನು ಜ್ಞಾನವನ್ನು ಸರಕು ಮಾಡಿದ ವರ್ತಕನೆಂಬ ಅರ್ಥದ ಮಾತು ‘ಮಾಲವಿಕಾಗ್ನಿಮಿತ್ರ’ದ ಪ್ರಥಮಾಂಕದಲ್ಲಿ ಬಂದಿರುವುದು ನಿಜ. ನಾನೂ ಮೂವತ್ತು ವರ್ಷಕ್ಕೆ ಮಿಕ್ಕಿ ತರಗತಿಗಳಲ್ಲಿ ಆ ಶ್ಲೋಕದ ಉತ್ತರಾರ್ಧವನ್ನು ಮಾತ್ರ ಹೇಳಿ ಪೂರ್ವಾರ್ಧವನ್ನು ನುಂಗಿದ್ದೇನೆ. ಆ ಅಪರಾಧವನ್ನು ಒಪ್ಪಿಕೊಂಡೇ ಈ ಲೇಖನಕ್ಕೆ ತೊಡಗುವುದು ಯುಕ್ತ.

ಸಂದರ್ಭವನ್ನು ನೋಡೋಣ. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ಅಗ್ನಿಮಿತ್ರನ ಆಶ್ರಯದಲ್ಲಿ ವೇತನ ಪಡೆಯುವವರು. ಇವರಲ್ಲಿ ಯಾರು ಹೆಚ್ಚೆಂಬ ಕಲಹ ರಾಜನವರೆಗೆ ಬರುತ್ತದೆ. ರಾಣಿಗೆ ಈ ಪರೀಕ್ಷೆ ಬೇಡ. ಅದಕ್ಕೆ ಅವಳಿಗೆ ಬೇರೆಯ ಕಾರಣವುಂಟು, ನಾಟಕವನ್ನು ಓದಿದವರು ಬಲ್ಲರು. ಆಗ ಗಣದಾಸನು ಆಡುವ ಮಾತು ಇದು: ಪದವಿ ದಕ್ಕಿತೆಂದು ವಾದಕ್ಕೆ ಅಂಜುತ್ತ, ಅನ್ಯರ ನಿಂದೆಯನ್ನು ಸಹಿಸಿಕೊಂಡು ಸುಮ್ಮನಿರುವಾತನ ವಿದ್ಯೆಯೇ ಬರಿಯ ಜೀವನೋಪಾಯ, ಅಂಥವನೇ ವರ್ತಕ. ಎಂದಮೇಲೆ ಕವಿಯ ವರ್ತಕನು ಸಭೆಯ ಮುಂದೆ ಬಂದು ನಿಂತವನಲ್ಲ. ಬರಲೊಲ್ಲದೆ ಒಳಗೆ ಕುಳಿತವನು! ಪರಿವ್ರಾಜಿಕೆಯಾದರೋ, ನಾಟ್ಯಶಾಸ್ತ್ರವು ಪ್ರಯೋಗಪ್ರಧಾನವಾದುದರಿಂದ ಇಲ್ಲಿ ಬಾಯಿಮಾತಿನ ವಾದದಿಂದ ಫಲವಿಲ್ಲವೆಂದು ತೀರ್ಪು ಕೊಡುತ್ತಾಳೆ. ಕಲೆಯು ಕಣ್ಣಿಗೂ ಕಿವಿಗೂ ಬೀಳಬೇಕು. ಬೀಳಬೇಕಾದರೆ ಯಾರಾದರೂ ಜನರನ್ನು ಕರೆಯಬೇಕಷ್ಟೆ.

ಹೀಗೆ ಕರೆದವರಲ್ಲಿ ಗೌಹರ್ ಜಾನಳ ಹೆಸರು ಮೊದಲು ನೆನಪಿಗೆ ಬರುವುದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಈಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳನ್ನು ಒತ್ತುವ ಜರ್ಮನಿಯ ಕೆಲಸಗಾರರಿಗೆ ಯಾರ ಹಾಡೆಂಬುದು ತಿಳಿಯಲೆಂದು ಹಾಗೆ ಮಾಡುತ್ತಿದ್ದರೆಂದು ಹೇಳುವರು. ರಸಭಂಗವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ತೋರದು. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಮೂರು ನಿಮಿಷದ ತಟ್ಟೆಯಲ್ಲಿ ಅಡಗಿಸಿ, ಆದರೂ ರಾಗದ ಮುಖವನ್ನು ಕೆಡಿಸದೆ ತೋರಿಸಿದವಳು, ಕೊನೆಗೆ ಇದು ನನ್ನ ಕೆಲಸವೆಂದು ರುಜು ಹಾಕಿದಳು. ಕವಿಗಳು ಕೃತಿಯಲ್ಲಿ ಅಂಕಿತವಿಡುವುದಿಲ್ಲವೇ? ಅಷ್ಟು ಹೆಸರು ಮಾಡಿದವಳು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಸ್ವತಂತ್ರವಾಗಿ ಬಾಳಿದ ಕಲಾವಿದೆಗೂ ಕಡೆಗಾಲದಲ್ಲಿ ಅರಮನೆಯ ನೆರಳು ಬೇಕಾಯಿತು. ಆ ನೆರಳು ಈಗ ಯಾರಿಗೂ ಇಲ್ಲ.

ನಮ್ಮ ಉತ್ತರದ ಸೀಮೆಯ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದವು. ಕಂಠವು ಅವರದು, ಹೆಸರು ಕಂಪನಿಯದು. ಗಂಟಲಿನ ಚಿಕಿತ್ಸೆಯ ತರುವಾಯ ಆ ಕಂಠವೂ ಬದಲಾಗಿ ಗಂಭೀರವಾಯಿತೆಂಬುದನ್ನು ಎಣಿಸಿದರೆ, ಕೇಳುಗನು ‘ಗಾಂಧಾರಿ’ಯನ್ನೂ ಗಂಗೂಬಾಯಿಯವರನ್ನೂ ಒಬ್ಬರೆಂದು ಗುರುತಿಸುವುದೇ ಕಷ್ಟವಾಗಿದ್ದೀತು. ಮಲ್ಲಿಕಾರ್ಜುನ ಮನಸೂರರ ಮಾತು ಇನ್ನೊಂದು ಬಗೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿ, ನೀಲಕಂಠಬುವಾ ಅವರಲ್ಲಿಯೂ ಅನಂತರ ಮಂಜಿಖಾನ್, ಬುರ್ಜಿಖಾನ್ ಸೋದರರಲ್ಲಿಯೂ ಕಲಿತು, ತಾರುಣ್ಯದಲ್ಲಿಯೇ ತಟ್ಟೆಗಳಿಗೆ ಹಾಡಿದ ಈ ಮಹನೀಯರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ, ಅಂದರೆ ಅರವತ್ತರ ಹೊಸ್ತಿಲಿನಲ್ಲಿ. ಪದ್ಮವಿಭೂಷಣ ಬಂದದ್ದು 1992ರಲ್ಲಿ, ತೀರಿಕೊಂಡ ವರ್ಷವೇ. ವಿದ್ಯೆಯು ತಾನಾಗಿಯೇ ಬೆಳಗುವುದೆನ್ನುವವರು ಈ ನಡುವಣ ವರ್ಷಗಳನ್ನು ಬೆರಳು ಮಡಿಸಿ ಎಣಿಸತಕ್ಕದ್ದು. ಅವರಿಗಿದ್ದ ತಾಳ್ಮೆಯೂ ರಾಗಸಂಪತ್ತೂ ಎಲ್ಲರಿಗೂ ಇರುವುದಿಲ್ಲ. ಬಾಡಿಗೆಯ ಮನೆಯಾದರೋ ಎಲ್ಲರಿಗೂ ಇರುತ್ತದೆ.

ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಢಿಗೆ ತಂದದ್ದು ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ನಾದವು ಮುಟ್ಟಲೆಂದು. ಕೇಳಿಸಬೇಕೆಂಬ ಆಸೆಯು ವಾದ್ಯದ ರಚನೆಯನ್ನೇ ಬದಲಾಯಿಸಿತು. ಅದನ್ನು ಯಾರೂ ಆತ್ಮಸ್ತುತಿಯೆನ್ನಲಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ಕಳೆದ ವರ್ಷ ನನ್ನ ಕೈಗೆ ಬಂದ ನಾಲ್ಕು ಹಸ್ತಪತ್ರಿಕೆಗಳು ಈಗ ಮೇಜಿನ ಮೇಲಿವೆ. ಹಾಡಿನ ವಿಮರ್ಶೆ ಮಾಡುವವರು ಹಲವರು. ಹಾಡಿಗೆ ಕರೆಯುವ ಬರೆವಣಿಗೆಯ ವಿಮರ್ಶೆಯನ್ನು ಯಾರೂ ಮಾಡಿದಂತೆ ಕಾಣೆ. ಮೊದಲನೆಯದರಲ್ಲಿ ಗಾಯಕನಿಗೆ ಏಳು ಬಿರುದುಗಳು; ‘ಗಾನಗಂಧರ್ವ’ದಿಂದ ತೊಡಗಿ ‘ನಾದಶಿರೋಮಣಿ’ಯವರೆಗೆ ವಿಶೇಷಣಗಳ ದಟ್ಟಣೆಯಲ್ಲಿ ವಿಶೇಷ್ಯವೇ ಕಾಣೆಯಾಗಿದೆ. ಎರಡನೆಯದರಲ್ಲಿ ಅಧ್ಯಕ್ಷತೆ ವಹಿಸುವವರ ಭಾವಚಿತ್ರವು ಗಾಯಕಿಯದಕ್ಕಿಂತ ದೊಡ್ಡದು, ಮೃದಂಗದವರ ಹೆಸರೇ ಇಲ್ಲ. ಮೂರನೆಯದು ಅಚ್ಚಿನ ತಪ್ಪುಗಳ ಗಣಿ, ಬಿಡೋಣ. ನಾಲ್ಕನೆಯದು ಪಿಟೀಲು ನುಡಿಸುವ ಒಬ್ಬ ಹುಡುಗನದು. ಯಾರಲ್ಲಿ ಎಷ್ಟು ವರ್ಷ ಪಾಠವಾಯಿತು, ಅಂದು ಯಾವ ರಾಗವನ್ನು ವಿಸ್ತರಿಸುವನು, ಪಕ್ಕವಾದ್ಯ ಯಾರದು, ಎಷ್ಟು ಗಂಟೆಗೆ ಆರಂಭ: ಇಷ್ಟೇ. ಕ್ಷೇಮೇಂದ್ರನು ಕಾವ್ಯಕ್ಕೆ ಪ್ರಾಣವೆಂದ ಔಚಿತ್ಯವು ನನಗೆ ಕಂಡದ್ದು ಈ ಎಂಟು ಸಾಲಿನ ಕಾಗದದಲ್ಲಿ. ಬಿರುದನ್ನು ನಂಬಿ ಬಂದವನು ಮೊದಲ ಅಪಸ್ವರಕ್ಕೆ ಎದ್ದು ಹೋಗುವನು; ತೋಡಿಯನ್ನು ಕೇಳಲು ಬಂದವನು ತೋಡಿ ಮುಗಿಯುವವರೆಗಾದರೂ ಕುಳಿತಿರುವನು.

ಈಚೆಗೆ ಹಸ್ತಪತ್ರಿಕೆಯ ಸ್ಥಾನವನ್ನು ಮೊಬೈಲು ಆಕ್ರಮಿಸುತ್ತಿದೆ. ಮನೆಯ ಕೋಣೆಯಲ್ಲಿ ಹಾಡಿ ಯೂಟ್ಯೂಬಿಗೆ ಏರಿಸಿದರೆ ಯಾವ ಸಭೆಯ ಕಾರ್ಯದರ್ಶಿಯ ಅಪ್ಪಣೆಯೂ ಬೇಕಿಲ್ಲ. ಇದು ದೊಡ್ಡ ಬಿಡುಗಡೆಯೇ. ವೇದಿಕೆ ಕೊಡಲು ಕಲಾವಿದನಿಂದಲೇ ಹಣ ಕೇಳುವ ಸಭೆಗಳನ್ನು ನಾನು ಕಂಡಿದ್ದೇನೆ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಯು ತಿದ್ದುಪಡಿಯಾಗಿ, ತನ್ನ ಪ್ರಯೋಗವನ್ನು ಇತರರು ವ್ಯಾಪಾರಕ್ಕೆ ಬಳಸಿದರೆ ಪ್ರಯೋಗಕಾರನಿಗೂ ಗೌರವಧನದ ಪಾಲುಂಟೆಂದು ವಿಧಿಸಿದೆ. ನಮ್ಮ ಊರಿನ ವಿದ್ವಾಂಸರಲ್ಲಿ ಇದನ್ನು ತಿಳಿದವರು ವಿರಳ. ನನಗಿರುವ ಅಸಮಾಧಾನ ಒಂದೇ. ನೋಡಿದವರ ಸಂಖ್ಯೆಯನ್ನು ದಿನಕ್ಕೆ ಹತ್ತು ಸಲ ಎಣಿಸುವವನು ಕ್ರಮೇಣ ಆ ಸಂಖ್ಯೆಗೆ ಒಪ್ಪುವಂತೆ ಹಾಡತೊಡಗುವನು. ಮೂರು ನಿಮಿಷದ ತಟ್ಟೆಯು ಗೌಹರ್ ಜಾನಳಿಗೆ ಕಟ್ಟಳೆಯಾಗಿತ್ತು. ಇವನಿಗೆ ಅರ್ಧ ನಿಮಿಷವು ಅಭ್ಯಾಸವಾಗುತ್ತಿದೆ. ಆಲಾಪನೆಗೆ ಮುಂಚೆಯೇ ತಾನಗಳ ಮಳೆ!

ಹದಿನೈದು ವರ್ಷದ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಹನ್ನೆರಡು ವರ್ಷ ಗುರುಮುಖೇನ ಪಾಠವಾದವನು, ತನ್ನ ಮೊದಲ ಕಛೇರಿಯ ಹಸ್ತಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡಿರೆಂದು ಮನೆಗೆ ಬಂದನು. ನಾನು ಅವನಿಗೆ ಕೊಟ್ಟದ್ದು ಮೇಲೆ ಹೇಳಿದ ಅರ್ಧಶ್ಲೋಕವನ್ನು. ಅವನು ನಮಸ್ಕಾರ ಮಾಡಿ ಎದ್ದು ಹೋದನು. ಕಛೇರಿಗೆ ಹನ್ನೊಂದು ಜನ ಬಂದಿದ್ದರೆಂದು ಆಮೇಲೆ ತಿಳಿಯಿತು. ಆ ಹನ್ನೊಂದರಲ್ಲಿ ನಾನಿರಲಿಲ್ಲ. ಈಗ ಅವನು ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಭಾನುವಾರಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾನೆ.

ಕಳೆದ ತಿಂಗಳು ಅವನೇ ಮತ್ತೆ ಬಂದನು, ಈ ಸಲ ತನ್ನ ಶಿಷ್ಯೆಯ ಸಲುವಾಗಿ. ಕರಡನ್ನು ತಾನೇ ಬರೆದು ತಂದಿದ್ದನು. ಯಾರೋ ಸೇರಿಸಿದ್ದ ಬಿರುದನ್ನು ತಾನೇ ಹೊಡೆದುಹಾಕಿಯೂ ಇದ್ದನು. ನಾನು ಎರಡು ಕಾಗುಣಿತ ತಿದ್ದಿ, ರಾಗದ ಹೆಸರನ್ನು ಮೇಲಿನ ಸಾಲಿಗೆ ತಂದೆನು. “ಮೇಷ್ಟ್ರೇ, ಟಿಕೀಟು ನೂರು ರೂಪಾಯಿ ಅಂತ ಅಚ್ಚು ಹಾಕಿಸಬಹುದೇ, ತಪ್ಪಾಗುತ್ತದೆಯೇ?” ಎಂದು ತಲೆ ತಗ್ಗಿಸಿಕೊಂಡೇ ಕೇಳಿದನು. “ಹಾಕಿಸಪ್ಪಾ, ಕಾಣುವ ಹಾಗೆ ಹಾಕಿಸು” ಎಂದು, ನನಗೂ ಮನೆಯವರಿಗೂ ಎರಡು ಟಿಕೀಟಿನ ದುಡ್ಡನ್ನು ಅವನ ಕೈಗೆ ಕೊಟ್ಟೆನು.