ಇಂಗ್ಲಿಷ್ ವ್ಯಾಕರಣದಲ್ಲಿ ಒಲವು ಮತ್ತು ವಿಷಾದ

ಇಂಗ್ಲಿಷ್ ವ್ಯಾಕರಣವನ್ನು ಕುರಿತು ಬರೆಯಲು ಚರಿತ್ರೆಯ ಅಧ್ಯಾಪಕರಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಆಧುನಿಕ ಭಾರತದ ಚರಿತ್ರೆಗೆ ಆಧಾರವಾದ ಸಾಕ್ಷ್ಯಗಳಲ್ಲಿ ಬಹುಭಾಗ ಇಂಗ್ಲಿಷಿನಲ್ಲಿದೆ. ಒಬ್ಬನು ಮಾಡಿದುದೇನು, ಮಾಡಬೇಕೆಂದಿದ್ದುದೇನು, ಮಾಡಿದುದಕ್ಕೆ ಮರುಗಿದನೋ ಇಲ್ಲವೋ ಎಂಬ ಭೇದವು ಆ ಸಾಕ್ಷ್ಯಗಳಲ್ಲಿ ಎಷ್ಟೋ ವೇಳೆ ಒಂದು ಸಹಾಯಕ ಕ್ರಿಯಾಪದದಲ್ಲಿ ಅಡಗಿರುತ್ತದೆ. ಅದನ್ನು ತಪ್ಪಾಗಿ ಓದಿದ ವಿದ್ಯಾರ್ಥಿಯು ಚರಿತ್ರೆಯನ್ನೇ ತಪ್ಪಾಗಿ ಓದುತ್ತಾನೆ. ಆದಕಾರಣ, ಒಲವನ್ನೂ ವಿಷಾದವನ್ನೂ ಹೇಳುವ ವಾಕ್ಯಗಳನ್ನು ನಮ್ಮ ಕಾಲೇಜುಗಳ ವ್ಯಾಕರಣಗಳು ಹೇಗೆ ವಿವರಿಸುತ್ತವೆಂಬುದನ್ನು ಪರೀಕ್ಷಿಸುವ ಹಕ್ಕು ನಮಗೂ ಉಂಟೆಂದು ಭಾವಿಸುತ್ತೇವೆ.

ಈ ವ್ಯಾಕರಣಗಳಲ್ಲಿ ಉತ್ತಮವಾದವು ಇಲ್ಲವೆಂದಲ್ಲ. 1930ರ ದಶಕದಲ್ಲಿ ಹೊರಬಂದು, ಪರಿಷ್ಕರಣಗಳನ್ನು ಪಡೆಯುತ್ತ ಇಂದಿಗೂ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ಗ್ರಂಥವಾಗಲಿ, 1960ರಲ್ಲಿ ಪ್ರಕಟವಾದ ಥಾಮ್ಸನ್ ಮತ್ತು ಮಾರ್ಟಿನೆಟ್ ಅವರ ಗ್ರಂಥವಾಗಲಿ ‘ವಿಷ್’ ಎಂಬುದನ್ನೂ ‘ವುಡ್ ರಾದರ್’ ಎಂಬುದನ್ನೂ ಒಂದೇ ಕಡೆ ಸೇರಿಸಿ, ಇವುಗಳ ಮುಂದೆ ಬರುವ ಭೂತಕಾಲವು ನಿಜವಾದ ಭೂತಕಾಲವಲ್ಲವೆಂದು ಹೇಳುತ್ತವೆ. ಇದು ಸರಿಯಾದ ಮಾತು. ಆದರೆ ಏಕೆ ಅಲ್ಲ ಎಂಬ ಪ್ರಶ್ನೆಯನ್ನು ಅವು ಎತ್ತುವುದಿಲ್ಲ. ಇವುಗಳಿಂದ ಹುಟ್ಟಿದ ಪರೀಕ್ಷಾ ಕೈಪಿಡಿಗಳ ಸ್ಥಿತಿಯಂತೂ ಶೋಚನೀಯ. ಇಂದಿನ ಕೊರಗಿಗೆ ಭೂತಕಾಲ, ನಿನ್ನೆಯ ಕೊರಗಿಗೆ ಪೂರ್ಣಭೂತಕಾಲ ಎಂದು ಎರಡು ಮನೆಗಳ ಕೋಷ್ಟಕವೊಂದನ್ನು ಬರೆದು, ಕೆಳಗೆ ಹತ್ತು ಬಿಟ್ಟ ಸ್ಥಳಗಳನ್ನು ಕೊಟ್ಟರೆ ಪಾಠ ಮುಗಿಯಿತು. ವಿದ್ಯಾರ್ಥಿಗೆ ಅಂಕ ದೊರೆಯುತ್ತದೆ, ಅರ್ಥ ದೊರೆಯುವುದಿಲ್ಲ.

ಕಾರಣವನ್ನು ಹುಡುಕಹೊರಟವರಿಗೆ ಚರಿತ್ರೆಯೇ ದಾರಿ. ‘ರಾದರ್’ ಎಂಬ ಪದವನ್ನು ತೆಗೆದುಕೊಳ್ಳೋಣ. ಇದು ‘ಬೇಗ’ ಎಂಬರ್ಥದ ‘ರೇದ್’ ಎಂಬ ಹಳೆಯ ಶಬ್ದದ ತಾರತಮ್ಯ ರೂಪ. ‘ಇನ್ನೂ ಬೇಗ’ ಎಂಬುದು ಮೊದಲಿನ ಅರ್ಥ. ಬೇಗ ಕೈಗೆತ್ತಿಕೊಳ್ಳುವುದನ್ನೇ ಮನಸ್ಸು ಹೆಚ್ಚಾಗಿ ಬಯಸುತ್ತದೆಂಬ ಸಹಜ ನ್ಯಾಯದಿಂದ ಕಾಲವಾಚಕವಾದ ಪದವು ಒಲವಿನ ವಾಚಕವಾಯಿತು. ‘ಸೂನರ್’ ಎಂಬುದಕ್ಕೂ ಇದೇ ಗತಿ ಒದಗಿದೆ.

ಇದಕ್ಕಿಂತ ಸ್ವಾರಸ್ಯವಾದದ್ದು ಇದರ ಹಿಂದಿನ ರೂಪ. ಪ್ರಾಚೀನ ಇಂಗ್ಲಿಷಿನಲ್ಲಿ ‘ಪ್ರಿಯ’ ಎಂಬರ್ಥದ ‘ಲೀಫ್’ ಎಂಬ ಪದವಿತ್ತು. ಒಲವನ್ನು ಹೇಳುವವನು ‘ನಾನು’ ಎಂದು ಆರಂಭಿಸುತ್ತಿರಲಿಲ್ಲ; ‘ನನಗೆ ಇದು ಹೆಚ್ಚು ಪ್ರಿಯವಾದೀತು’ ಎಂದು ಚತುರ್ಥೀ ವಿಭಕ್ತಿಯಿಂದ ಹೇಳುತ್ತಿದ್ದನು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರ್ ಕವಿಯು ಆಕ್ಸ್‌ಫರ್ಡಿನ ಬಡ ವಿದ್ವಾಂಸನನ್ನು ವರ್ಣಿಸುತ್ತ, ಬೆಲೆಬಾಳುವ ಉಡುಪಿಗಿಂತ ಹಾಸಿಗೆಯ ತಲೆದೆಸೆಯಲ್ಲಿ ಇಪ್ಪತ್ತು ಪುಸ್ತಕಗಳಿರುವುದೇ ಅವನಿಗೆ ಪ್ರಿಯವೆನ್ನುವಾಗಲೂ ವಿದ್ವಾಂಸನು ಕರ್ತೃವಾಗಿ ನಿಲ್ಲದೆ ‘ಅವನಿಗೆ’ ಎಂದೇ ನಿಲ್ಲುತ್ತಾನೆ. ‘ನನಗೆ ಬೇಕು’, ‘ನನಗೆ ಇಷ್ಟ’, ‘ನನಗೆ ಇದೇ ಲೇಸು’ ಎನ್ನುವ ಕನ್ನಡಿಗನಿಗೆ ಈ ವಾಕ್ಯರಚನೆಯು ಅಪರಿಚಿತವಲ್ಲ. ಮುಂದೆ ಇಂಗ್ಲಿಷು ‘ನನಗೆ’ ಎಂಬುದನ್ನು ಬಿಟ್ಟು ‘ನಾನು’ ಎಂಬುದಕ್ಕೆ ತಿರುಗಿದಾಗ ‘ಐ ಹ್ಯಾಡ್ ಲೀಫರ್’ ಎಂಬ ರೂಪವೂ, ಅದರ ಮಾದರಿಯ ಮೇಲೆ ‘ಐ ಹ್ಯಾಡ್ ರಾದರ್’ ಎಂಬುದೂ ನಿಂತವು. ಇಲ್ಲಿಯ ‘ಹ್ಯಾಡ್’ ಎಂಬುದಕ್ಕೆ ‘ಹೊಂದಿದ್ದೆ’ ಎಂಬ ಅರ್ಥವಿಲ್ಲ. ‘ಮೇಲೆಂದು ಎಣಿಸಿಯೇನು’ ಎಂಬ ಕಲ್ಪಿತಾರ್ಥವಿದೆ.

ಈ ರೂಪದ ಮೇಲೆ ಹದಿನೆಂಟನೆಯ ಶತಮಾನದ ಪಂಡಿತರು ತೋರಿಸಿದ ಕೋಪವು ವಿಮರ್ಶೆಗೆ ಯೋಗ್ಯವಾದದ್ದು. 1755ರ ತಮ್ಮ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ನರು ‘ಹ್ಯಾಡ್ ರಾದರ್’ ಎಂಬುದನ್ನು ಈಚೆಗೆ ಭಾಷೆಯೊಳಕ್ಕೆ ನುಗ್ಗಿದ ಅನಾಗರಿಕ ಪ್ರಯೋಗವೆಂದು ಬಗೆದು, ಅದರ ಬದಲು ‘ವಿಲ್ ರಾದರ್’ ಎನ್ನುವುದೇ ಮೇಲೆಂದು ವಿಧಿಸಿದರು. ‘ಐ’ಡ್’ ಎಂಬ ಸಂಕ್ಷೇಪವನ್ನು ಜನರು ತಪ್ಪಾಗಿ ಬಿಡಿಸಿದ್ದರಿಂದ ಇದು ಹುಟ್ಟಿತೆಂಬ ಊಹೆಯನ್ನು ಬೇರೆ ಕೆಲವರು ಹರಡಿದರು. ಆದರೆ 1611ರ ಬೈಬಲ್ ಅನುವಾದದಲ್ಲಿ, 84ನೆಯ ಕೀರ್ತನೆಯಲ್ಲಿ, ಈ ಪ್ರಯೋಗವಿದೆ. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಬ್ರೂಟಸನ ಬಾಯಲ್ಲಿಯೂ ಇದೆ. ಇದನ್ನು ಹೊಸದೆಂದು ಹಳಿದ ಜಾನ್ಸನ್ನರೇ ಹತ್ತು ವರ್ಷಗಳ ಮೇಲೆ, 1765ರಲ್ಲಿ, ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿ ಪ್ರಕಟಿಸಿದರೆಂಬುದು ಸೋಜಿಗ. ಆಧಾರಗಳನ್ನು ನೋಡದೆ ಕೊಟ್ಟ ತೀರ್ಪು ವ್ಯಾಕರಣದಲ್ಲಿಯೂ ಚರಿತ್ರೆಯಲ್ಲಿಯೂ ಒಂದೇ ಬಗೆಯ ದೋಷ. ಈ ದೋಷವನ್ನು ಪ್ರಮಾಣಪೂರ್ವಕವಾಗಿ ಎತ್ತಿ ತೋರಿಸಿದವರಲ್ಲಿ ಮುಖ್ಯನು ಫಿಟ್ಸೆಡ್ವರ್ಡ್ ಹಾಲ್. ಈತನು ಕಾಶಿಯ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ, ಸಾಂಖ್ಯ ಗ್ರಂಥಗಳನ್ನು ಸಂಪಾದಿಸಿದ ಅಮೆರಿಕದ ಸಂಸ್ಕೃತ ವಿದ್ವಾಂಸ. ‘ಹ್ಯಾಡ್ ರಾದರ್’ ಎಂಬುದರ ಮೂಲವನ್ನು ಕುರಿತು 1881ರಲ್ಲಿ ಅಮೆರಿಕದ ಭಾಷಾಶಾಸ್ತ್ರ ಪತ್ರಿಕೆಯೊಂದರಲ್ಲಿ ಆತನು ಬರೆದ ದೀರ್ಘಲೇಖನವು ಉದಾಹರಣೆಗಳ ರಾಶಿಯಿಂದಲೇ ವಾದಿಸುತ್ತದೆ. ಇಂದು ‘ವುಡ್ ರಾದರ್’ ಎಂಬುದೇ ಹೆಚ್ಚು ರೂಢಿಯಲ್ಲಿದೆ, ನಿಜ. ಆದರೆ ರೂಢಿ ತಪ್ಪಿದ್ದು ಬೇರೆ, ಅಶುದ್ಧವಾದದ್ದು ಬೇರೆ.

ಈಗ ‘ವಿಷ್’ ಎಂಬುದಕ್ಕೆ ಬರೋಣ. ‘ಐ ವಿಷ್ ಐ ನ್ಯೂ’ ಎಂದಾಗ ತಿಳಿವಳಿಕೆ ಇಲ್ಲದಿರುವುದು ಈಗ. ಕ್ರಿಯಾಪದ ಮಾತ್ರ ಭೂತಕಾಲದ್ದು. ಪ್ರಾಚೀನ ಇಂಗ್ಲಿಷಿನಲ್ಲಿ ನಡೆದುದನ್ನು ಹೇಳುವ ಭೂತರೂಪಕ್ಕೂ ಮನಸ್ಸಿನಲ್ಲಿ ಕಲ್ಪಿಸಿಕೊಂಡುದನ್ನು ಹೇಳುವ ಭೂತರೂಪಕ್ಕೂ ಅನೇಕ ಕಡೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಹನ್ನೊಂದನೆಯ ಶತಮಾನದಿಂದೀಚೆಗೆ ಪದಾಂತ್ಯದ ಸ್ವರಗಳು ಸವೆದು ಸವೆದು ಎರಡೂ ಒಂದೇ ಆದವು. ‘ಇಫ್ ಐ ವರ್’ ಎಂಬಲ್ಲಿಯ ‘ವರ್’ ಒಂದೇ ಹಳೆಯ ಭೇದದ ಅವಶೇಷವಾಗಿ, ಹಾಳಾದ ಕೋಟೆಯ ಒಂದು ಬುರುಜಿನಂತೆ ಉಳಿದಿದೆ. ಪ್ರತ್ಯಯ ಹೋದರೂ ಅರ್ಥವು ಹೇಗೆ ಉಳಿಯಿತೆಂಬುದಕ್ಕೆ ಯೆಸ್ಪರ್ಸನ್ನರು 1924ರಲ್ಲಿ ಪ್ರಕಟವಾದ ವ್ಯಾಕರಣ ತತ್ತ್ವ ಕುರಿತ ತಮ್ಮ ಗ್ರಂಥದಲ್ಲಿ ದಾರಿ ತೋರಿಸಿದ್ದಾರೆ: ಭೂತಕಾಲದ ರೂಪಗಳಿಗೆ ಕಾಲವನ್ನು ಬಿಟ್ಟು, ವಾಸ್ತವವಲ್ಲದುದನ್ನು ಸೂಚಿಸುವ ಕೆಲಸವೂ ಉಂಟು. ವರ್ತಮಾನದಿಂದ ದೂರವಾದದ್ದು ವಾಸ್ತವದಿಂದಲೂ ದೂರವೆಂದು ಮನಸ್ಸು ಎಣಿಸುತ್ತದೆ.

ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಅಪವಾದವೆಂಬಂತೆ ಬೋಧಿಸುತ್ತಿರುವುದೇ ನಮ್ಮ ಮುಖ್ಯ ಆಕ್ಷೇಪ. ‘ನಾಳೆ ಸ್ವಲ್ಪ ಮಳೆ ಬಂದರೆ ಚೆನ್ನಾಗಿತ್ತು’ ಎಂದು ನಮ್ಮ ರೈತನು ಹೇಳುತ್ತಾನೆ. ಮಳೆ ನಾಳೆಯದು, ‘ಚೆನ್ನಾಗಿತ್ತು’ ಎಂಬುದು ಭೂತಕಾಲ. ಸಾಲ ಕೇಳಲು ಬಂದವನು ಬಾಗಿಲಲ್ಲಿ ನಿಂತು ‘ಸ್ವಲ್ಪ ಹಣ ಬೇಕಾಗಿತ್ತು’ ಎನ್ನುತ್ತಾನೆ. ಬೇಕಾದದ್ದು ನಿನ್ನೆಯಲ್ಲ, ಈಗಲೇ. ಕೊರಗಿನ ವಿಷಯದಲ್ಲಿಯಂತೂ ಕನ್ನಡವು ಇಂಗ್ಲಿಷಿಗಿಂತ ಸೂಕ್ಷ್ಮವೆಂದರೂ ತಪ್ಪಾಗದು. ‘ನೀವು ನಿನ್ನೆ ಬರಬಾರದಿತ್ತು’ ಎಂದರೆ ಬಂದುದಕ್ಕೆ ಬೇಸರ. ‘ನೀವು ನಿನ್ನೆ ಬರಬಾರದಿತ್ತೆ!’ ಎಂದರೆ ಬಾರದೆ ಹೋದುದಕ್ಕೆ ಬೇಸರ. ಕೊನೆಯ ಒಂದು ಸ್ವರ ಬದಲಾದೊಡನೆ ಕೊರಗಿನ ಮುಖವೇ ತಿರುಗುತ್ತದೆ. ಇಷ್ಟನ್ನು ಮನೆಯಲ್ಲಿಯೇ ಕಲಿತು ಬಂದ ಹುಡುಗನಿಗೆ ‘ವಿಷ್’ ಎಂಬುದರ ಭೂತಕಾಲವನ್ನು ಕೋಷ್ಟಕದಿಂದ ಬಾಯಿಪಾಠ ಮಾಡಿಸುವುದು ವ್ಯರ್ಥ ಶ್ರಮ.

ಕನ್ನಡವು ಅಡ್ಡ ಬರುವ ಸ್ಥಳಗಳೂ ಉಂಟು. ‘ಪ್ರಿಫರ್’ ಎಂಬುದರ ಮುಂದೆ ‘ಟು’ ಬರಬೇಕಾದಲ್ಲಿ ನಮ್ಮವರು ‘ದ್ಯಾನ್’ ಎಂದು ಬರೆಯುವುದಕ್ಕೆ ‘ಕಾಫಿಗಿಂತ ಚಹಾ’ ಎಂಬಲ್ಲಿಯ ‘ಇಂತ’ ಪ್ರತ್ಯಯವೇ ಕಾರಣ. ‘ಮುಂದಕ್ಕೆ ಇಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವೆಂದು ತಿಳಿಸಿದರೆ ‘ಯಾವುದಕ್ಕೆ ಮುಂದಾಗಿ’ ಎಂಬ ಸಂಬಂಧ ಸ್ಪಷ್ಟವಾಗುತ್ತದೆ.

ಇದಕ್ಕಿಂತ ಗಂಭೀರವಾದ ತೊಡಕು ‘ಷುಡ್ ಹ್ಯಾವ್’ ಎಂಬುದರದು. ಕೈಪಿಡಿಗಳ ಪ್ರಕಾರ ಇದು ಮಾಡಬೇಕಾಗಿದ್ದು ಮಾಡದೆ ಹೋದುದರ ಕೊರಗು. ಆದರೆ ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಆಂಗ್ಲ ಅಧಿಕಾರಿಗಳು ಉತ್ತಮಪುರುಷದಲ್ಲಿ ‘ವುಡ್’ ಎಂಬುದರ ಸ್ಥಾನದಲ್ಲಿ ‘ಷುಡ್’ ಎಂದು ಬರೆಯುತ್ತಿದ್ದರು. ಅಧಿಕಾರಿಯೊಬ್ಬನು ತನ್ನನ್ನು ಕೇಳಿದ್ದರೆ ‘ಐ ಷುಡ್ ಹ್ಯಾವ್ ರೆಫ್ಯೂಸ್ಡ್’ ಎಂದು ಬರೆದರೆ ‘ನಿರಾಕರಿಸುತ್ತಿದ್ದೆ’ ಎಂದರ್ಥ, ‘ನಿರಾಕರಿಸಬೇಕಾಗಿತ್ತು’ ಎಂದಲ್ಲ. ಮೊದಲನೆಯದು ದೃಢತೆ, ಎರಡನೆಯದು ತಪ್ಪೊಪ್ಪಿಗೆ. ಇಂದಿನ ಕೈಪಿಡಿಯನ್ನು ಓದಿ ಹಳೆಯ ಕಡತವನ್ನು ತೆರೆಯುವ ವಿದ್ಯಾರ್ಥಿಯು ಆಡಳಿತಗಾರರ ಬಾಯಲ್ಲಿ ಅವರು ಆಡದ ಪಶ್ಚಾತ್ತಾಪವನ್ನು ತುಂಬುತ್ತಾನೆ.

‘ಹ್ಯಾಡ್’ ಮತ್ತು ‘ವುಡ್ ಹ್ಯಾವ್’ ಸೇರಿದ ವಾಕ್ಯವನ್ನು ಅನೇಕ ಕೈಪಿಡಿಗಳು ವಿಷಾದದ ವಾಕ್ಯವೆಂದೇ ವರ್ಗೀಕರಿಸುತ್ತವೆ. ಇದೂ ಸರಿಯಲ್ಲ. ಆ ರೂಪವು ಹೇಳುವುದು ನಡೆಯಲಿಲ್ಲವೆಂಬುದನ್ನು ಮಾತ್ರ. 1931ರಲ್ಲಿ ಜೆ. ಸಿ. ಸ್ಕ್ವಯರ್ ಸಂಪಾದಿಸಿದ ಸಂಕಲನವೊಂದರಲ್ಲಿ ಚರ್ಚಿಲ್ಲರ ಒಂದು ಪ್ರಬಂಧವಿದೆ. ಗೆಟಿಸ್‌ಬರ್ಗಿನ ಯುದ್ಧದಲ್ಲಿ ಲೀ ಗೆಲ್ಲದೆ ಹೋಗಿದ್ದರೆ ಎಂಬುದು ಅದರ ವಿಷಯ. 1863ರಲ್ಲಿ ಲೀ ಸೋತನೆಂಬುದು ಎಲ್ಲರಿಗೂ ಗೊತ್ತು. ಆದರೆ ಈ ಕ್ರಿಯಾರೂಪವನ್ನು ಬಳಸಿದೊಡನೆ ಲೇಖಕನು ಲೀ ಗೆದ್ದ ಲೋಕವೊಂದರಲ್ಲಿ ಕುಳಿತು ಬರೆಯುತ್ತಿದ್ದಾನೆಂದು ಶೀರ್ಷಿಕೆಯೇ ಸಾರುತ್ತದೆ. ಇಲ್ಲಿ ಕೊರಗು ಎಲ್ಲಿದೆ? ಇರುವುದು ಬುದ್ಧಿಯ ವಿನೋದ.

ವಿನೋದಕ್ಕೆ ಎಡೆಯೇ ಇಲ್ಲದ ಇನ್ನೊಂದು ಉದಾಹರಣೆಯನ್ನು ನಾವು ತರಗತಿಯಲ್ಲಿ ಪ್ರತಿವರ್ಷವೂ ಓದಿಸುತ್ತೇವೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಜನರಲ್ ಡೈಯರನು ನಡೆಸಿದ ಗೋಲಿಬಾರಿನಲ್ಲಿ ಸರಕಾರದ ಲೆಕ್ಕದಂತೆಯೇ 379 ಮಂದಿ ಸತ್ತರು. ಕಾಂಗ್ರೆಸ್ಸಿನ ವಿಚಾರಣೆಯು ಸಾವಿರದ ಸಮೀಪವೆಂದಿತು. ಅದೇ ವರ್ಷ ನವೆಂಬರಿನಲ್ಲಿ ಹಂಟರ್ ಸಮಿತಿಯ ಮುಂದೆ ಡೈಯರನು ಸಾಕ್ಷ್ಯ ಕೊಟ್ಟಾಗ, ಸಮಿತಿಯ ಸದಸ್ಯರಾದ ಸರ್ ಚಿಮನ್‌ಲಾಲ್ ಸೆಟಲ್‌ವಾಡರು ಅವನನ್ನು ಒಂದು ಕಲ್ಪಿತ ಪ್ರಶ್ನೆಯಿಂದ ಹಿಡಿದರು: ಓಣಿಯು ಸಾಕಷ್ಟು ಅಗಲವಾಗಿದ್ದು ಕವಚದ ಕಾರುಗಳು ಒಳಕ್ಕೆ ಹೋಗುವಂತಿದ್ದರೆ, ಮಷೀನ್‌ಗನ್ನುಗಳಿಂದ ಗುಂಡು ಹಾರಿಸುತ್ತಿದ್ದಿರೋ? ಬಹುಶಃ ಹೌದೆಂಬುದು ಡೈಯರನ ಉತ್ತರ. ಕೈಪಿಡಿಯ ಕೋಷ್ಟಕದ ಪ್ರಕಾರ ಈ ಪ್ರಶ್ನೋತ್ತರವು ವಿಷಾದದ ಮನೆಗೆ ಸೇರಬೇಕು. ವಾಸ್ತವವಾಗಿ, ವಿಷಾದವು ಇಲ್ಲವೆಂಬುದನ್ನು ಹೊರಗೆಡಹಲೆಂದೇ ಸೆಟಲ್‌ವಾಡರು ಆ ಕ್ರಿಯಾರೂಪವನ್ನು ಬಳಸಿದರು. ನಡೆಯದ ಸಂಗತಿಯೊಂದರ ಮೂಲಕ ನಡೆದ ಸಂಗತಿಯ ಉದ್ದೇಶವು ಬಯಲಾಯಿತು.

ಇದೇ ಘಟನೆಯ ಸುತ್ತ ಮುಂದೆ ಆಡಿದ ಮಾತುಗಳೂ ವ್ಯಾಕರಣದ ದೃಷ್ಟಿಯಿಂದ ಪರಿಶೀಲನಾರ್ಹ. 1997ರ ಅಕ್ಟೋಬರಿನಲ್ಲಿ ಬಾಗಿಗೆ ಭೇಟಿ ಕೊಡುವ ಹಿಂದಿನ ದಿನ, ದೆಹಲಿಯ ಔತಣದಲ್ಲಿ ಎರಡನೆಯ ಎಲಿಜಬೆತ್ ರಾಣಿಯವರು ‘ವಿಷ್’ ಪದವನ್ನು ಬಳಸಿದರು. ಬೇರೆಯಾಗಿರಲೆಂದು ನಾವು ಕೆಲವೊಮ್ಮೆ ಎಷ್ಟೇ ಬಯಸಿದರೂ ಚರಿತ್ರೆಯನ್ನು ತಿರುಗಿ ಬರೆಯಲಾಗದೆಂಬುದು ಅವರ ಮಾತಿನ ತಾತ್ಪರ್ಯ. ಬಯಸುವವರು ಅಲ್ಲಿ ‘ನಾವು’. ಮಾಡಿದವರು ಯಾರೂ ಇಲ್ಲ. 2019ರ ಏಪ್ರಿಲ್ 10ರಂದು, ಶತಮಾನದ ದಿನ ಸಮೀಪಿಸಿದಾಗ, ಪ್ರಧಾನಿ ಥೆರೇಸಾ ಮೇ ಅವರು ಪಾರ್ಲಿಮೆಂಟಿನಲ್ಲಿ ‘ರಿಗ್ರೆಟ್’ ಎಂಬ ಕ್ರಿಯಾಪದವನ್ನೇ ಬಳಸಿದರು. ಆದರೆ ಆ ಕ್ರಿಯೆಯ ಕರ್ಮವೇನು? ನಡೆದುದು ಮತ್ತು ಉಂಟಾದ ಸಂಕಟ. ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ಮುಂದೆ ‘ಮಾಡಿದುದನ್ನು’ ಎಂಬರ್ಥದ ಕೃದಂತ ಬಂದರೆ ಮಾಡಿದವನೂ ಮರುಗುವವನೂ ಒಬ್ಬನೇ ಆಗುತ್ತಾನೆ. ‘ನಡೆದುದು’ ಎಂಬ ಉಪವಾಕ್ಯ ಬಂದರೆ ಆ ಬಂಧನವಿಲ್ಲ. ಸ್ಪಷ್ಟವಾದ ಕ್ಷಮಾಯಾಚನೆ ಬೇಕೆಂದು ಅಂದು ವಿರೋಧಪಕ್ಷದ ನಾಯಕ ಜೆರೆಮಿ ಕೋರ್ಬಿನ್ನರು ಕೇಳಿದ್ದು ಈ ಎರಡರ ನಡುವಣ ಅಂತರವನ್ನೇ.

ಇಂಥ ಮಾತನ್ನು ಕನ್ನಡಕ್ಕೆ ತರುವಾಗ ಪದವನ್ನು ಆಯ್ದುಕೊಳ್ಳುವ ಹೊಣೆ ದೊಡ್ಡದು. ಪಶ್ಚಾತ್ತಾಪವೆಂದರೆ ಮಾಡಿದ ಮೇಲೆ ಉಂಟಾಗುವ ಬೇಗೆ. ಮಾಡಿದವನಿಲ್ಲದೆ ಆ ಪದ ನಿಲ್ಲದು. ವಿಷಾದಕ್ಕೆ ಆ ನಿರ್ಬಂಧವಿಲ್ಲ. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಬಂದ ವಿಷಾದವು ಇನ್ನೂ ಮಾಡದ ಯುದ್ಧವನ್ನು ಕುರಿತದ್ದಲ್ಲವೆ? ಆದ್ದರಿಂದ 2019ರ ಮಾತಿಗೆ ‘ವಿಷಾದ’ವೇ ಸರಿಯಾದ ಅನುವಾದವೆಂದು ನಮ್ಮ ನಿರ್ಣಯ. ಕ್ರಿಯಾಪದದಲ್ಲಿಯೂ ಇದೇ ಎಚ್ಚರ ಬೇಕು. ‘ನಡೆದುದಕ್ಕೆ ವಿಷಾದ’ ಎಂದು ಬರೆಯಬೇಕಾದಲ್ಲಿ ಅನುವಾದಕನು ‘ನಡೆಸಿದುದಕ್ಕೆ’ ಎಂದು ಬರೆದರೆ, ಒಂದು ಇಸು ಪ್ರತ್ಯಯದ ಬಲದಿಂದ, ಲಂಡನ್ನಿನಲ್ಲಿ ಯಾರೂ ಹೊರದ ಹೊಣೆಯು ಕನ್ನಡದಲ್ಲಿ ಹೊರಿಸಲ್ಪಡುತ್ತದೆ.