ಹುಡುಗರ ಪ್ರಾಣಿಕೋಶ ಮತ್ತು ನಮ್ಮ ಡೊಳ್ಳಿನ ಪದ

ಅಚ್ಚಾದ ಪುಸ್ತಕದ ಗುಣದೋಷ ಬರೆಯುವವರು ಬಹಳ ಮಂದಿ ಅದಾರ. ನಾನು ಬರೆಯುವುದು ಅಚ್ಚಾಗದ ಒಂದು ಪುಸ್ತಕದ ಬಗ್ಗೆ. ಅದರ ಹೆಸರು ಬಲ್ಬಾಪೀಡಿಯಾ. ಪೋಕೆಮಾನ್ ಅನ್ನುವ ಆಟದೊಳಗಿನ ಪ್ರಾಣಿಗಳ ವಿಶ್ವಕೋಶ ಅದು. ಮೊಬೈಲಿನಾಗ, ಕಂಪ್ಯೂಟರಿನಾಗ ಓದಬೇಕು. ಇಂಗ್ಲಿಷಿನಾಗ ಐತಿ, ನನಗ ಓದಿ ಅರ್ಥ ಹೇಳಿದವರು ಹೈಸ್ಕೂಲ ಹುಡುಗರು. ಮಕ್ಕಳ ಆಟದ ಮಾತು ದೊಡ್ಡವರಿಗೆ ಯಾಕ ಅಂತ ಗುರುಗಳು ಕೇಳಬಹುದು. ಡೊಳ್ಳಿನ ಪದ ಹಾಡುವ ನನಗ ಅದರಾಗ ಕಲಿಯುವಂಥಾದ್ದೂ ಕಂಡಿತು, ಒಪ್ಪದಂಥಾದ್ದೂ ಕಂಡಿತು. ಎರಡನ್ನೂ ಹೇಳತೀನಿ.

ಮೊದಲು ಆಟದ ವಿಷಯ. ಇದು 1996ರಾಗ ಜಪಾನ ದೇಶದೊಳಗ ಬಂತು. ಇದನ್ನ ಹುಟ್ಟಿಸಿದವರು ಸಾತೋಶಿ ತಾಜಿರಿ. ಅವರು ಸಣ್ಣವರಿದ್ದಾಗ ಟೋಕಿಯೊ ಶಹರದ ಹೊರಗ ಹುಳಾ ಹಿಡಿದು ಕೂಡಿಹಾಕುತ್ತಿದ್ದರಂತ. ಶಹರ ಬೆಳೀತು, ಹುಳಾ ಇರುವ ಜಾಗಾ ಹೋದವು. ಹುಡುಕಿ ಹಿಡಿಯುವ ಆ ಖುಷಿ ಮುಂದಿನ ಮಕ್ಕಳಿಗೂ ಸಿಗಲಿ ಅಂತ ಈ ಆಟ ಮಾಡಿದರು. ಆಡುವವರು ಪ್ರಾಣಿ ಹಿಡಿಯಬೇಕು, ಸಾಕಬೇಕು, ಕುಸ್ತಿಗೆ ಬಿಡಬೇಕು, ಗೆಳೆಯರ ಜೋಡಿ ಅದಲು-ಬದಲು ಮಾಡಬೇಕು. ಮೊದಲಿನ ಆಟದಾಗ ಇದ್ದವು 151 ಪ್ರಾಣಿ. ಈಗ ಸಾವಿರ ದಾಟ್ಯಾವ.

ಇಷ್ಟು ಪ್ರಾಣಿಗಳ ಲೆಕ್ಕ ಇಡುವುದು ಎಲ್ಲಿ? 2001ರಾಗ ವಿಕಿಪೀಡಿಯಾ ಶುರು ಆಯ್ತು. ಅದರಾಗ ಯಾರು ಬೇಕಾದರೂ ಬರೆಯಬಹುದು. ಹುಡುಗರು ಒಂದೊಂದು ಪೋಕೆಮಾನಿಗೂ ಒಂದೊಂದು ಪುಟ ಬರೆದರು. ಉಳಿದವರು ಗೊಣಗಿದರು. ಅಲ್ಲೇ ‘ಪೋಕೆಮಾನ್ ಪರೀಕ್ಷೆ’ ಅನ್ನುವ ಒಂದು ವಾದ ಹುಟ್ಟಿತು. ಯಾರಿಗೂ ಗೊತ್ತಿಲ್ಲದ ಒಂದು ಪೋಕೆಮಾನಿಗೆ ಪುಟ ಇರಬಹುದಾದರ ನಾ ಬರೆದದ್ದಕ್ಕ ಯಾಕ ಜಾಗ ಇಲ್ಲ ಅಂತ ಆ ವಾದ. ಕಡೀಕ ಆ ಪುಟಗಳಾಗ ಬಹಳಷ್ಟನ್ನ ತೆಗೆದು ಒಂದು ಯಾದಿಯೊಳಗ ಸೇರಿಸಿದರು. ಅಷ್ಟರೊಳಗ ಅಭಿಮಾನಿಗಳು ತಮ್ಮದೇ ಕೋಶ ಕಟ್ಟಿಕೊಂಡಿದ್ದರು. ಅದೇ ಬಲ್ಬಾಪೀಡಿಯಾ, 2005ರಿಂದ ನಡೆದೈತಿ. ಆಟದ ಒಂದನೇ ನಂಬರಿನ ಪ್ರಾಣಿ ಬಲ್ಬಾಸೋರ್. ಅದರ ಬೆನ್ನ ಮ್ಯಾಲೆ ಉಳ್ಳಾಗಡ್ಡಿ ಹಂಗ ಒಂದು ಗಡ್ಡಿ. ಕೋಶದ ಹೆಸರು ಅಲ್ಲಿಂದ ಬಂದದ್ದು. ಬರೆಯುವವರಿಗೆ ಪಗಾರ ಇಲ್ಲ.

ಈಗ ಅದರ ಗುಣ. ಅರ್ಬಾಕ್ ಅಂತ ಒಂದು ಹಾವು ಐತಿ. ಇಂಗ್ಲಿಷಿನಾಗ ನಾಗರಹಾವಿಗೆ ಕೋಬ್ರಾ ಅಂತಾರ. ಆ ಅಕ್ಷರ ಕಡೆಯಿಂದ ಓದಿದರ ಅರ್ಬಾಕ್ ಆಗತೈತಿ. ಅದರ ಮರಿ ಎಕಾನ್ಸ್, ಅದು ಸ್ನೇಕ್ ಅನ್ನುವ ಮಾತನ್ನ ತಿರುವಿದ್ದು. ನಮ್ಮ ಒಡಪು ಇದ್ದಂಗ. ಪಿಕಾಚು ಅನ್ನುವ ಇಲಿಯ ಹೆಸರಿನಾಗ ‘ಪಿಕಾ’ ಅಂದರ ಮಿಂಚಿನ ಕಿಡಿ, ‘ಚು’ ಅಂದರ ಜಪಾನಿ ಮಂದಿಯ ಕಿವಿಗೆ ಇಲಿಯ ದನಿ. ಒಂದೊಂದು ಹೆಸರು ಎಲ್ಲಿಂದ ಹುಟ್ಟಿತು, ಬ್ಯಾರೆ ಬ್ಯಾರೆ ಭಾಷೆಯೊಳಗ ಏನಾತು ಅಂತ ಕೋಶದಾಗ ಬರೆದಿಟ್ಟಾರ.

ನನಗ ಹೆಚ್ಚು ಹಿಡಿಸಿದ್ದು ಬ್ಯಾರೆ. ಆಟ ಹೊಸದಾಗಿ ಬಂದಾಗೊಮ್ಮೆ ಪ್ರಾಣಿಯ ವರ್ಣನೆ ಬದಲಾಗತೈತಿ. ಒಂದು ಆಟದಾಗ ಅರ್ಬಾಕಿನ ಹೊಟ್ಟೆ ಮ್ಯಾಲಿನ ಗುರುತು ಸೀಮೆಯಿಂದ ಸೀಮೆಗೆ ಬ್ಯಾರೆ ಇರತಾವ ಅಂತ ಹೇಳೈತಿ. ಗ್ಯಾಸ್ಟ್ಲಿ ಅನ್ನುವ ಹೊಗೆಯ ಪ್ರಾಣಿಯನ್ನ ಒಂದು ಆಟ ಬರೇ ಹೊಗೆ ಅಂತ ಹೇಳಿದರ, ಇನ್ನೊಂದು ಆಟ ಅದು ಎರಡು ಸೆಕೆಂಡಿನಾಗ ಭಾರತದ ಆನೆಯನ್ನ ಕೆಡವತೈತಿ ಅಂತ ಹೇಳತೈತಿ. ನಮ್ಮ ಆನೆ ಅಲ್ಲಿಗೆ ಹೆಂಗ ಹೋತೋ! ಕೋಶ ಬರೆದವರು ಯಾವುದು ಖರೆ, ಯಾವುದು ಸುಳ್ಳು ಅಂತ ಒಂದನ್ನ ಅಳಿಸಿಲ್ಲ. ಯಾವ ಆಟದಾಗ ಏನು ಹೇಳೈತಿ ಅಂತ ಸಾಲಾಗಿ ಕೂಡಿಸ್ಯಾರ. ಆಟದ ಪ್ರೋಗ್ರಾಮಿನ ತಪ್ಪಿನಿಂದ ತೆರೆಯ ಮ್ಯಾಲೆ ಮೂಡುವ ಮಿಸ್ಸಿಂಗ್‌ನೋ ಅನ್ನುವ ಒಂದು ಆಕಾರ ಐತಿ. ಅದು ಪ್ರಾಣಿಯೇ ಅಲ್ಲ, ಬರೇ ಚೂಕು. ಅದಕ್ಕೂ ಒಂದು ಪುಟ ಕೊಟ್ಟಾರ.

ಇನ್ನೊಂದು ಗುಣ. ನಮ್ಮ ಹೊಲಕ್ಕ ಸಾತಬಾರಾ ಉತಾರಾ ಇದ್ದಂಗ ಅಲ್ಲಿ ಪ್ರಾಣಿಗೊಂದು ಪುಟ. ಉತಾರಾದ ಹಿಂದ ತಲಾಠಿಯ ಹತ್ತಿರ ಫೇರಫಾರದ ನೋಂದು ಇರತೈತಿ. ಯಾರ ಹೆಸರು ಯಾವಾಗ ಏರಿತು, ಯಾರದು ಇಳೀತು ಅಂತ ಅದರಾಗ ತಿಳಿತೈತಿ. ಹಂಗ ಆ ಕೋಶದ ಪ್ರತಿ ಪುಟದ ಹಿಂದ ಅದರ ಇತಿಹಾಸ ಐತಿ. ಯಾವ ತಾರೀಖಿಗೆ ಯಾರು ಯಾವ ಸಾಲು ಸೇರಿಸಿದರು, ಯಾರು ತೆಗೆದರು ಅನ್ನುವುದು ಕಾಣತೈತಿ. ಜಗಳ ಬಂದರ ಮಾತಾಡಲಿಕ್ಕೆ ಬ್ಯಾರೆ ಪುಟ. ಹರದೇಶಿ-ನಾಗೇಶಿಯವರ ಸವಾಲು-ಜವಾಬು ಇದ್ದಂಗ ಅಲ್ಲಿ ವಾದ ನಡಿತೈತಿ. ನಮ್ಮಲ್ಲಿ ಬೆಳಗಾದ ಕೂಡಲೆ ಆ ಜವಾಬು ಗಾಳಿಗೆ ಹೋಗತೈತಿ. ಅಲ್ಲಿ ಉಳಿತೈತಿ.

ಇಲ್ಲಿ ನಮ್ಮ ಪದದ ಮಾತು ಬರಬೇಕು. ಬೀರಪ್ಪ-ಮಾಯವ್ವರ ಕತಿ ಕೃಷ್ಣೆಯ ಈ ದಂಡಿಗೆ ಒಂದು ಥರಾ, ಆ ದಂಡಿಗೆ ಇನ್ನೊಂದು ಥರಾ. ಮ್ಹೈಸಾಳದಾಗ ಹಾಡಿದ್ದನ್ನ ಅಥಣಿ ಕಡೆಯವರು ಹಂಗ ಹಾಡುವುದಿಲ್ಲ, ಹುಲಿಜಂತಿ ಕಡೆಯವರು ಮತ್ತೂ ಬ್ಯಾರೆ. ಅರ್ಬಾಕಿನ ಹೊಟ್ಟೆಯ ಗುರುತಿನಂಗ. ನಾವು ಏನು ಮಾಡತೀವಿ? ನಮ್ಮದು ಖರೆ, ಅವರದು ಚೂಕು ಅಂತ ಡೊಳ್ಳು ಬಾರಿಸತೀವಿ. ಪದದ ಕಡೀಕ ಅಂಕಿತ ಹಾಕತೀವಿ, ಇಂಥಾ ಊರು, ಇಂಥಾ ಗುರು, ಇಂಥಾ ಕವಿ ಅಂತ. ಅಂಕಿತದಾಗ ಒಂದೇ ಹೆಸರು ಉಳಿತೈತಿ. ನಡುವ ನುಡಿ ಸೇರಿಸಿದವರು, ಮರೆತದ್ದನ್ನ ತುಂಬಿಸಿದವರು, ಬೀಸುವಾಗ ಹಾಡಿ ಸೊಸೆಗೆ ಕಲಿಸಿದ ಅತ್ತೆ, ಇವರ ಹೆಸರು ಯಾವ ನುಡಿಯಾಗೂ ಇಲ್ಲ. ಜಾನಪದಕ್ಕ ಕರ್ತೃ ಇಲ್ಲ ಅಂತ ಪಂಡಿತರು ಹೇಳತಾರ. ಕರ್ತೃಗಳು ಇದ್ದರು, ಅವರ ಫೇರಫಾರ ನಾವು ಬರೆಯಲಿಲ್ಲ.

ಇನ್ನ ಕೋಶದ ದೋಷ. ಪುಟದಾಗ ಅರ್ಧಕ್ಕಿಂತ ಹೆಚ್ಚು ಕೋಷ್ಟಕ ತುಂಬ್ಯಾವ. ಎಷ್ಟು ಬಲ, ಎಷ್ಟು ಓಟ, ಯಾವ ಪೇಚು ಯಾವಾಗ ಕಲಿತೈತಿ, ಇದೇ. ಪೇಟೆಯ ವಹಿ ಓದಿದಂಗ ಆಗತೈತಿ. ಪ್ರಾಣಿಯ ಭಯ ಇಲ್ಲ, ಮಮತೆ ಇಲ್ಲ, ಮಣ್ಣಿನ ವಾಸನೆ ಇಲ್ಲ. ಗೋವಿನ ಹಾಡಿನ ಹುಲಿಗೆ ಬಲ ಎಷ್ಟು ಅಂತ ಯಾರೂ ಲೆಕ್ಕ ಬರೆದಿಲ್ಲ. ಆದರೂ ಅದು ಸತ್ತಾಗ ಕೇಳುವವರ ಕಣ್ಣಾಗ ನೀರು ಬರತೈತಿ. ಹುಳಾ ಹಿಡಿದ ಹುಡುಗನ ಖುಷಿಯಿಂದ ಹುಟ್ಟಿದ ಆಟ ಅದು. ಕೋಶದಾಗ ಹುಳದ ಲೆಕ್ಕ ಐತಿ, ಖುಷಿಯ ಸುಳಿವು ಕಡಿಮಿ.

ಎರಡನೇ ದೋಷ ಇದಕ್ಕಿಂತ ದೊಡ್ಡದು. ಆ ಪ್ರಾಣಿಗಳು ಕಂಪನಿಯ ಸೊತ್ತು. ಕಂಪನಿ ಹೇಳಿದ್ದನ್ನ ಬರೆಯಬಹುದು, ಹೊಸಾ ಪ್ರಾಣಿ ಒಂದನ್ನ ತಾವೇ ಹುಟ್ಟಿಸಿ ಅಲ್ಲಿ ಸೇರಿಸಲಿಕ್ಕೆ ಬರುವುದಿಲ್ಲ. ದುಡಿಮೆ ಹುಡುಗರದು, ಬೆಳೆ ಇನ್ನೊಬ್ಬರದು. ಪಾಲಿಗೆ ಹೊಲಾ ಮಾಡಿದವನಿಗೂ ರಾಶಿಯಾಗ ಒಂದು ಪಾಲು ಬರತೈತಿ. ಇವರಿಗೆ ಅದೂ ಇಲ್ಲ. ನಮ್ಮ ಪದ ಹಂಗಲ್ಲ. ನೆನಪಿದ್ದವನು ಹಾಡಬಹುದು, ಬುದ್ಧಿ ಇದ್ದವನು ನುಡಿ ಕಟ್ಟಬಹುದು. ಬೀರಪ್ಪನ ಮ್ಯಾಲೆ ಯಾರದೂ ಹಕ್ಕಿನ ಕಾಗದ ಇಲ್ಲ. ಇನ್ನೊಬ್ಬರ ಸೊತ್ತನ್ನ ಅವರು ಇಷ್ಟು ಜ್ವಾಕಿಯಿಂದ ಬರೆದಿಟ್ಟಾರ. ನಮ್ಮದೇ ಸೊತ್ತು ನಾವು ಬರೆದಿಟ್ಟಿಲ್ಲ. ನಾಚಿಕೆಯ ಮಾತು ಇದು.

ಕನ್ನಡದಾಗ ಕೋಶದ ಕೆಲಸ ಹೊಸದಲ್ಲ. ಶಿವರಾಮ ಕಾರಂತರು 1936ರಾಗ ಮಕ್ಕಳ ಸಲುವಾಗಿ ‘ಬಾಲಪ್ರಪಂಚ’ ಮೂರು ಸಂಪುಟ ಒಬ್ಬರೇ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ ಆಯ್ತು. 2003ರಾಗ ಕನ್ನಡ ವಿಕಿಪೀಡಿಯಾ ಶುರು ಆಗಿ, ಎಲ್ಲರೂ ಬರೆಯಬಹುದು ಅಂತ ಬಾಗಿಲಾ ತೆರೀತು. ಆದರ ಅಲ್ಲಿ ಬರೆದದ್ದಕ್ಕ ಅಚ್ಚಿನ ಆಧಾರ ಕೇಳತಾರ. ಕೇಳುವುದು ಸರಿಯೇ, ಇಲ್ಲದಿದ್ದರ ಸುಳ್ಳು ತುಂಬಿಬಿಡತೈತಿ. ಹಂಗಾದರ ಬಾಯಿಂದ ಬಾಯಿಗೆ ಬಂದ ಪದಕ್ಕ ಆಧಾರ ಎಲ್ಲಿಂದ ತರೋಣ? ಪೋಕೆಮಾನ್ ಹುಡುಗರಿಗೆ ಆದ ಅಡಚಣಿಯೇ ನಮಗೂ ಐತಿ. ಅವರು ಅಳುತ್ತ ಕೂಡಲಿಲ್ಲ, ತಮ್ಮದೇ ಕೋಶ ಕಟ್ಟಿದರು. ನಮ್ಮ ಮೊಮ್ಮಕ್ಕಳಾಗ ಬಹಳ ಮಂದಿ ಮರಾಠಿ ಶಾಲೆಗೆ ಹೋಗತಾರ. ಮನಿಯಾಗ ಕನ್ನಡ ಮಾತಾಡತಾರ, ಓದಲಿಕ್ಕೆ ಬರುವುದಿಲ್ಲ. ಪದ ಗೊತ್ತಿದ್ದವರು ವರ್ಷಾ ಒಬ್ಬೊಬ್ಬರಾಗಿ ಹೊಂಟಾರ.

ಆದ್ದರಿಂದ ವಾಚನಾಲಯದವರಿಗೂ ಗುರುಗಳಿಗೂ ಒಂದು ಕೇಳಿಕೆ. ಮೊಬೈಲು, ಕಂಪ್ಯೂಟರ ಆಮ್ಯಾಲೆ ಬರಲಿ. ಮೊದಲು ಇನ್ನೂರು ಹಾಳಿಯ ಒಂದು ವಹಿ ಇಡರಿ. ಎಡದ ಹಾಳಿಗೆ ಪದ ಬರೆಯಬೇಕು. ಹಾಡಿದವರ ಹೆಸರು, ಊರು, ತಾರೀಖು, ಅವರು ಯಾರಿಂದ ಕಲಿತರು ಅನ್ನುವುದನ್ನೂ ಬರೆಯಬೇಕು. ಬಲದ ಹಾಳಿ ಖಾಲಿ ಬಿಡಬೇಕು. ಇನ್ನೊಬ್ಬರು ಬಂದು ನಮ್ಮಲ್ಲಿ ಹಿಂಗಲ್ಲ, ಹಂಗ ಹಾಡತಾರ ಅಂದರ ಅದನ್ನ ಅಲ್ಲಿ ಬರೆಯಬೇಕು. ಎಡದ್ದನ್ನ ಮಾತ್ರ ಹೊಡೆದುಹಾಕಬಾರದು. ಚೂಕು ಅನ್ನಿಸಿದರೂ ಇರಲಿ. ಬರೆಯುವ ಕೆಲಸ ಪೋಕೆಮಾನ್ ಓದುವ ಹುಡುಗರಿಗೇ ಹಚ್ಚರಿ, ಇದರ ಶಿಸ್ತು ಅವರಿಗೆ ಮೊದಲೇ ಗೊತ್ತೈತಿ. ಕನ್ನಡ ಅಕ್ಷರ ಬರದವರಿಗೆ ಗುರುಗಳು ಕಲಿಸಲಿ. ಮಾಯವ್ವ ಬೀರಪ್ಪನನ್ನ ಸಾಕಿದ ಪದ ನನಗ ಪೂರಾ ಬರತೈತಿ. ಮೊದಲಿನ ಹಾಳಿಗೆ ಅದನ್ನ ಹೇಳತೀನಿ.